ಗಂಧವಿಲ್ಲದ ಮೂರನೆಯ ಡಿಸ್ಕ್

"ನಿಮ್ಮ ದೂರನ್ನು ತೃಪ್ತಿಕರವಾಗಿ ಮುಕ್ತಾಯಗೊಳಿಸಲಾಗಿದೆ" ಎಂದಿತು ಫೋನಿನೊಳಗಿನ ಹೆಣ್ಣುದನಿ.

ಮಾಯಿಲಪ್ಪ ಫೋನನ್ನು ಕಿವಿಯಿಂದ ಇಳಿಸಿ ಅದರ ಮುಖವನ್ನೇ ನೋಡಿದ. ಬೆಳ್ಳಾರೆ ಸುತ್ತಿನ ಅರ್ಧದಷ್ಟು ಮದುವೆಗಳ ಫೋಟೊ ತೆಗೆದವನು ಅವನು. ಮುಖ ಊದಿಸಿಕೊಂಡು ನಿಂತ ಎಂಥ ಮದುಮಗನನ್ನೂ ಎರಡು ಮಾತಿನಲ್ಲಿ ನಗಿಸುವವನು. ಈಗ ಅವನದೇ ಮುಖ ಊದಿತ್ತು.

"ಯಾರಿಗೆ ತೃಪ್ತಿ ಆದದ್ದು ಮಾರಾಯ್ರೆ? ನನಗಂತೂ ಆಗ್ಲಿಲ್ಲ."

ದನಿ ಆ ಪ್ರಶ್ನೆಯನ್ನು ಕೇಳಿಸಿಕೊಳ್ಳಲಿಲ್ಲ. ನಮ್ಮ ಸೇವೆಗೆ ಅಂಕ ಕೊಡಲು ಒಂದರಿಂದ ಐದರೊಳಗೆ ಯಾವುದಾದರೂ ಗುಂಡಿ ಒತ್ತಿ ಎಂದಿತು.

ಕೌಂಟರಿನ ಈಚೆ ಕೂತಿದ್ದ ವಕೀಲೆ ಶಹನಾ ಕೈ ಚಾಚಿದಳು. "ಒತ್ಬೇಡಿ ಮಾಯಿಲಪ್ಪಣ್ಣ, ಕಟ್ ಆಗ್ತದೆ. ಇಲ್ಲಿ ಕೊಡಿ."

ಯಂತ್ರದ ದನಿ ಮುಗಿದು ಮನುಷ್ಯರ ದನಿ ಸಿಗುವ ತನಕ ಅವಳು ಕಾದಳು. ಕಾಯಬೇಕಾದ ಕಾರಣ ಕಿಟಕಿಯ ಪಕ್ಕದ ಬೆಂಚಿನಲ್ಲೇ ಕೂತಿತ್ತು. ಈಶ್ವರಮಂಗಲದಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟು ಬಂದ ಕುಂಞಿಪಾತುಮ್ಮ, ಬೆರಳಲ್ಲಿ ಜಪಮಣಿ ಸರಿಸುತ್ತಾ ಎಲ್ಲರ ಮುಖ ನೋಡುತ್ತಿದ್ದರು. ಅವರ ಮಗ ಸಫ್ವಾನ್ ಜೈಲಿನಲ್ಲಿದ್ದ. ಕುಶಾಲಪ್ಪನ ಅಡಿಕೆ ಗೋದಾಮಿಗೆ ಬೆಂಕಿ ಇಟ್ಟು, ಕಾವಲಿನ ಚೆನ್ನುವನ್ನು ಸುಟ್ಟು ಕೊಂದ ಆರೋಪ ಅವನ ಮೇಲೆ. ಸೋಮವಾರ ಪುತ್ತೂರಿನ ಕೋರ್ಟಿನಲ್ಲಿ ಜಾಮೀನು ಅರ್ಜಿ. ಇಂದು ಶನಿವಾರ.

ಆ ರಾತ್ರಿ ಸಫ್ವಾನ್ ಇದ್ದದ್ದು ಮರ್ಕಂಜದಲ್ಲಿ, ಗೆಳೆಯ ಮೋಕ್ಷಿತನ ಮದುವೆಯ ಹಿಂದಿನ ರಾತ್ರಿಯ ಮದರಂಗಿಯಲ್ಲಿ. ಊಟದ ಪಂಕ್ತಿಯ ತನಕ ನೆಂಟರಿಷ್ಟರು ಮೊಬೈಲಿನಲ್ಲಿ ತೆಗೆದ ಚಿತ್ರಗಳಲ್ಲಿ ಅವನು ಸಿಗುತ್ತಿದ್ದ. ಆಮೇಲೆ ಸಿಗುತ್ತಿರಲಿಲ್ಲ. ಉಂಡು ಕೈ ತೊಳೆದು ಬೈಕ್ ಹತ್ತಿದ, ಬೆಳ್ಳಾರೆಗೆ ಬಂದು ಬೆಂಕಿ ಇಟ್ಟ ಎಂಬುದು ಪೊಲೀಸರ ವಾದ. ಕುಶಾಲಪ್ಪ ಅವನನ್ನು ಕೆಲಸದಿಂದ ಬಿಡಿಸಿದ್ದು ಅದೇ ವಾರವಾದ್ದರಿಂದ ಸಿಟ್ಟಿನ ಕಾರಣವೂ ಸಿದ್ಧವಾಗಿತ್ತು. ಕರಕಲಾಗಿದ್ದ ಮೈಯನ್ನು ಇದು ನಮ್ಮ ಚೆನ್ನುವೇ ಎಂದು ಗುರುತಿಸಿ ಕೊಟ್ಟವನೂ ಕುಶಾಲಪ್ಪನೇ.

ಆದರೆ ಮದರಂಗಿ ಮನೆಯ ತಾರಸಿಯ ಮೂಲೆಯಲ್ಲಿ ಮಾಯಿಲಪ್ಪ ಒಂದು ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕಟ್ಟಿ ನಿಲ್ಲಿಸಿದ್ದ. ರಾತ್ರಿಯಿಡೀ ಅದು ತನ್ನಷ್ಟಕ್ಕೆ ಓಡಿತ್ತು. ಅದರ ಹಿಂದೆ ಯಾರೂ ನಿಂತಿರಲಿಲ್ಲ, ಅದರಲ್ಲಿ ಏನುಂಟೆಂದು ಈ ತನಕ ಯಾರೂ ನೋಡಿರಲೂ ಇಲ್ಲ. ಮರುದಿನದ ಮುಹೂರ್ತಕ್ಕೆ ಕಾರ್ಡು ಬೇಕೆಂದು ಮಾಯಿಲಪ್ಪ ಎಲ್ಲವನ್ನೂ ಸ್ಟುಡಿಯೊದ ಪೆಟ್ಟಿಗೆಗೆ ಸುರಿದು ಕಾರ್ಡು ಅಳಿಸಿದ್ದ. ಸೀಸನ್ನಿನಲ್ಲಿ ಎಲ್ಲ ಸ್ಟುಡಿಯೊದವರು ಮಾಡುವುದೂ ಹಾಗೆಯೇ.

ಆ ಪೆಟ್ಟಿಗೆ ಮೂಲೆಯಲ್ಲಿತ್ತು. ನ್ಯಾಸ್ ಎಂದು ಅದರ ಹೆಸರು. ಕಪ್ಪು ಡಬ್ಬಿ, ಒಳಗೆ ಸಾಲಾಗಿ ನಾಲ್ಕು ಮನೆ, ಮನೆಗೊಂದು ಹಾರ್ಡ್ ಡಿಸ್ಕ್. ಒಂದೊಂದು ವೀಡಿಯೊವನ್ನೂ ನಾಲ್ಕಕ್ಕೆ ಹಂಚಿ ಇಡುತ್ತದೆ. ಒಂದು ಡಿಸ್ಕ್ ಸತ್ತರೆ ಅದರ ಪಾಲನ್ನು ಉಳಿದ ಮೂರು ಸೇರಿ ತುಂಬಿಕೊಡುತ್ತವೆ. ಎರಡು ಸತ್ತರೆ ಪೆಟ್ಟಿಗೆ ಬಾಯಿ ಬಿಡುವುದಿಲ್ಲ.

ಎರಡು ಸತ್ತಿದ್ದವು.

ಮದುವೆ ಕಳೆದ ಮೇಲೆ ಮೊದಲು ಹೋದದ್ದು ಎರಡನೆಯ ಮನೆಯ ಡಿಸ್ಕ್. ಅದೇ ಮನೆಯಲ್ಲಿ ಕಳೆದ ಮಳೆಗಾಲದಲ್ಲೂ ಒಂದು ಸತ್ತಿತ್ತು. ಆಗ ವಾರಂಟಿಯಲ್ಲಿ ಬಂದದ್ದು ಹೊಸದಲ್ಲ, ಯಾರದ್ದೋ ಹಾಳಾದದ್ದನ್ನು ರಿಪೇರಿ ಮಾಡಿ ಕಳಿಸಿದ್ದು. ಅದೂ ವರ್ಷ ತುಂಬುವುದರೊಳಗೆ ಮಲಗಿತು. ಈ ಸಲ ಪುತ್ತೂರಿನ ಏಜೆಂಟ್ ಮಂಗಳೂರಿಗೆ ಕೊಡಿ ಎಂದ. ಮಂಗಳೂರಿನವರು ಹೆಲ್ಪ್‌ಲೈನಿಗೆ ಹೇಳಿ ಎಂದರು. ಹೆಲ್ಪ್‌ಲೈನಿನವರು ಡಿಸ್ಕಿಗೆ ಗುಳ್ಳೆ ಪ್ಲಾಸ್ಟಿಕ್ ಸುತ್ತುವುದನ್ನು ವೀಡಿಯೊ ಮಾಡಿ ಕಳಿಸಿ ಎಂದರು. ಪೇಟೆಯ ನಡುವೆ ಬಾಗಿಲು ತೆರೆದು ಕೂತಿದ್ದ ಸ್ಟುಡಿಯೊಗೆ ಬಾಗಿಲು ಹಾಕಿತ್ತು ಎಂದು ಬರೆದು ಕೊರಿಯರಿನವನು ವಾಪಸು ಹೋದ, ಇನ್ನೊಂದು ದಿನ ಬಂದು ಡಿಸ್ಕ್ ಒಯ್ದ. ಈ ಓಡಾಟ ಮುಗಿಯುವ ಮೊದಲೇ ಮೂರನೆಯ ಮನೆಯ ಡಿಸ್ಕೂ ಸತ್ತಿತು.

ಉಳಿದದ್ದು ಒಂದೇ ಆಸೆ. ಕಳಿಸಿದ ಆ ಎರಡನೆಯ ಡಿಸ್ಕ್ ಪೂರ್ತಿ ಸತ್ತಿರಲಿಕ್ಕಿಲ್ಲ, ಹಾಗೇ ತನ್ನಿ, ನೋಡುವಾ ಎಂದು ಬಲ್ಲವರೊಬ್ಬರು ಹೇಳಿದ್ದರು. ಕಂಪೆನಿಯವರು ಹಳೆಯದನ್ನು ಹಿಂದಿರುಗಿಸುವವರಲ್ಲ. ಅದಕ್ಕಾಗಿಯೇ ಈ ಫೋನು.

ಕೊನೆಗೆ ಮನುಷ್ಯನೊಬ್ಬ ಸಿಕ್ಕಿದ. ನಿಮ್ಮ ಡಿಸ್ಕನ್ನು ತಿರಸ್ಕರಿಸಲಾಗಿದೆ, ಹಾನಿ ಗ್ರಾಹಕರ ಕಡೆಯಿಂದ ಆದದ್ದು, ಫೋಟೊ ಕಳಿಸಿದ್ದೇವೆ ಎಂದು ಓದಿ ಹೇಳಿದ. ತಿರಸ್ಕರಿಸಿದ್ದರೆ ವಾಪಸು ಕೊಡಿ ಎಂದಳು ಶಹನಾ. ಕೊಡುತ್ತೇವೆ ಎಂದ. ಮುಂದಿನ ವಾರದ ಕೊನೆಗೆ.

ಅವಳು ಫೋನಿಟ್ಟು ಫೋಟೊ ತೆರೆದಳು. ಡಿಸ್ಕಿನ ಮೈಮೇಲೆ, ಸಣ್ಣ ತೂತೊಂದರ ಮೇಲೆಯೇ, ಒಣಗಿದ ಹಳದಿ ಕಲೆ. ನಡುವೆ ಕೆಂಪು. ಕಂಪೆನಿಯವರು ಅದಕ್ಕೆ ಬಾಣದ ಗುರುತು ಹಾಕಿ 'ಅಪರಿಚಿತ ಪದಾರ್ಥ' ಎಂದು ಬರೆದಿದ್ದರು.

"ಇದೆಂತ ಮಾಯಿಲಪ್ಪಣ್ಣ?"

ಮಾಯಿಲಪ್ಪ ಕನ್ನಡಕ ಏರಿಸಿ ನೋಡಿದ. ಒಮ್ಮೆ ಕೆಮ್ಮಿದ. "ಗಂಧ."

"ಗಂಧ ಅಂದ್ರೆ?"

"ಆಯುಧ ಪೂಜೆದ್ದು. ಮೇಲಿದ್ದದ್ದು ಕುಂಕುಮ."

ಎಡಿಟಿಂಗ್ ಕುರ್ಚಿಯಲ್ಲಿದ್ದ ಯಶಸ್ವಿ ಮುಖ ಆಚೆ ತಿರುಗಿಸಿಕೊಂಡಳು. ಭುಜ ಮಾತ್ರ ಕುಲುಕಿತು. ಕ್ಯಾಮೆರಾಕ್ಕೆ ಹಚ್ಚಿದ್ದು ಸಾಲದೆಂದು ಅದರ ಬೆಲ್ಟಿಗೂ ಹಚ್ಚುವವರು ಇವರು ಎಂದಳು. ನಾನು ಆಗಲೇ ಬೇಡ ಎಂದಿದ್ದೆ ಎಂದೂ ಸೇರಿಸಿದಳು.

"ಪೆಟ್ಟಿಗೆಯ ಹೊರಗೆ ಹಚ್ಚಿದ್ರೆ ಒಳಗಿನವಕ್ಕೆ ಎಂತ ಗೊತ್ತಾಗುದು?" ಮಾಯಿಲಪ್ಪನಿಗೆ ನಿಜವಾಗಿಯೂ ನೋವಾಗಿತ್ತು. "ಕೆಲಸ ಮಾಡುದು ಒಳಗಿನವಲ್ವಾ. ಒಂದೊಂದನ್ನೇ ಎಳ್ದು ಹಚ್ಚಿ ವಾಪಸು ಇಟ್ಟೆ. ಆ ತೂತಿನಲ್ಲಿ ಅದು ಉಸಿರಾಡ್ತದೆ ಅಂತ ನನಗೆಂತ ಕನಸು ಬಿದ್ದದಾ?"

ಶಹನಾಳಿಗೆ ನಗು ಬರಲಿಲ್ಲ. ಅವಳು ಎದ್ದು ಪೆಟ್ಟಿಗೆಯ ಮುಂದೆ ಮಂಡಿಯೂರಿದಳು.

"ನಾಲ್ಕಕ್ಕೂ ಹಚ್ಚಿದ್ದೀರಾ?"

"ಮೂರಕ್ಕೆ ಹಚ್ಚಿ ಒಂದನ್ನು ಬಿಡ್ಲಿಕ್ಕೆ ಆಗ್ತದಾ? ದೇವರ ವಿಷಯ."

"ಆಮೇಲೆ ಹೊಸ ಡಿಸ್ಕ್ ಯಾವುದಾದ್ರೂ ಹಾಕಿದ್ದುಂಟಾ?"

ಇಲ್ಲ ಎಂದ. ಮಳೆಗಾಲದಲ್ಲಿ ಬದಲಾಯಿಸಿದ್ದೂ ಪೂಜೆಗೆ ಮೊದಲೇ ಬಂದಿತ್ತು.

ಅವಳು ಮೊದಲನೆಯ ಮನೆಯ ಹಿಡಿಯನ್ನು ಎಳೆದಳು. ಡಿಸ್ಕಿನ ಬೆನ್ನ ಮೇಲೆ ಬಿರುಕು ಬಿಟ್ಟ ಗಂಧ, ಬಣ್ಣ ಕಳೆದ ಕುಂಕುಮ. ಎರಡನೆಯ ಮನೆ ಖಾಲಿ. ಮೂರನೆಯದನ್ನು ಬಿಟ್ಟು ನಾಲ್ಕನೆಯದನ್ನು ಎಳೆದಳು. ಅದರಲ್ಲಿ ಬೊಟ್ಟು ಸ್ವಲ್ಪ ಓರೆಯಾಗಿ, ಬೆರಳಿನ ಗುರುತಿನ ಸಮೇತ ಕೂತಿತ್ತು.

ಆಮೇಲೆ ಮೂರನೆಯದು.

ಬೋಳು.

ಅವಳು ಅದನ್ನು ಬೆಳಕಿಗೆ ಹಿಡಿದಳು. ಉಗುರಿನಲ್ಲಿ ಕೆರೆದಳು. ಮೂಗಿನ ಹತ್ತಿರ ತಂದಳು. ಒರೆಸಿದ ಗುರುತೂ ಇರಲಿಲ್ಲ. ಪಕ್ಕದಲ್ಲಿ ಅಂಟು ಟೇಪಿನ ಒಂದು ಚೂರು ಮಾತ್ರ ಒಣಗಿ ಹಿಡಿದುಕೊಂಡಿತ್ತು. ಉಳಿದೆರಡರ ಚೀಟಿ ಒಂದು ಬಣ್ಣದ್ದು, ಇದರದ್ದು ಬೇರೆ. ಮನೆಯೊಳಗೆ ಕೂತಿರುವಾಗ ಚೀಟಿ ಹೊರಗೆ ಕಾಣುವುದಿಲ್ಲ.

ಯಶಸ್ವಿ ಕುರ್ಚಿಯಿಂದ ಎದ್ದು ಬಂದಳು. "ಮೇಡಂ, ಇದು ಸಿಸಿಟಿವಿಗೆ ಹಾಕುವ ಡಿಸ್ಕ್. ನಮ್ಮದಲ್ಲ."

ಮಾಯಿಲಪ್ಪ ಅದನ್ನು ಕೈಗೆ ತೆಗೆದುಕೊಂಡು ಮಗುಚಿದ, ಮತ್ತೆ ಮಗುಚಿದ. ಹಿಂದಿದ್ದ ಸ್ಟೂಲನ್ನು ಕಾಲಿನಲ್ಲಿ ಹುಡುಕಿ ಕೂತ.

ಇಷ್ಟು ದಿನ ಶಹನಾ ಶಪಿಸಿದ್ದು ಕಂಪೆನಿಯವರನ್ನು, ಬೆಳ್ಳಾರೆಯ ಕರೆಂಟನ್ನು, ತನ್ನ ಹಣೆಬರಹವನ್ನು. ಎರಡನೆಯ ಡಿಸ್ಕ್ ತಾನಾಗಿ ಸತ್ತದ್ದು ನಿಜ. ಮೂರನೆಯದು ಸತ್ತಿರಲೇ ಇಲ್ಲ. ಬದುಕಿದ್ದದ್ದನ್ನು ಹೊರಗೆ ಎಳೆದು ಅದರ ಜಾಗದಲ್ಲಿ ಯಾವುದೋ ಹೆಣವನ್ನು ತಂದು ಮಲಗಿಸಿದ್ದರು.

ಹಾಗೆ ಮಾಡಿದವರಿಗೆ ಒಂದು ಡಿಸ್ಕ್ ಮೊದಲೇ ಹೋಗಿದೆ, ಇನ್ನೊಂದು ಎಳೆದರೆ ಸಾಕು ಎಂದು ಗೊತ್ತಿರಬೇಕು. ಪೆಟ್ಟಿಗೆಗೆ ಕೈ ಹಾಕುವವರು ಮೂವರೇ. ಮಾಯಿಲಪ್ಪ, ಯಶಸ್ವಿ, ಮತ್ತೆ ಬಸ್‌ಸ್ಟ್ಯಾಂಡಿನ ಎದುರು ಮಹಡಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಸಂಪ್ರೀತ್. ಮೂರನೆಯದು ಸತ್ತಿತೆಂದು ಪೆಟ್ಟಿಗೆ ಕೂಗಲು ಶುರು ಮಾಡಿದ ದಿನ ಏನಾಯಿತೆಂದು ಶಹನಾ ಕೇಳಿದಳು.

ಯಶಸ್ವಿ ತಡೆದು ತಡೆದು ಹೇಳಿದಳು. ಮಾಯಿಲಪ್ಪ ಅಂದು ಕಡಬದ ಒಂದು ಗೃಹಪ್ರವೇಶಕ್ಕೆ ಹೋಗಿದ್ದ. ಸಂಪ್ರೀತ್ ಯುಪಿಎಸ್ ನೋಡಲು ಬಂದ. ಅವನಿದ್ದಾನಲ್ಲ ಎಂದು ಇವಳು ಊಟಕ್ಕೆ ಹೋದಳು. ಬರುವಾಗ ಪೆಟ್ಟಿಗೆ ಕುಯ್ಯೋ ಎನ್ನುತ್ತಿತ್ತು. ಕರೆಂಟ್ ಹೋಗಿ ಬಂದದ್ದರ ಪೆಟ್ಟು ಎಂದು ಸಂಪ್ರೀತನೇ ಹೇಳಿದ್ದ.

"ಅವನು ಹಾಗೆ ಮಾಡ್ಲಿಕ್ಕಿಲ್ಲ" ಎಂದ ಮಾಯಿಲಪ್ಪ. ಹೇಳಿದ ಮೇಲೆ ಬೋಳು ಡಿಸ್ಕನ್ನು ಇನ್ನೊಮ್ಮೆ ಮಗುಚಿ ನೋಡಿದ.

ಬೆಂಚಿನಿಂದ ಕುಂಞಿಪಾತುಮ್ಮ ಕೇಳಿದರು. "ಮೋಳೆ, ಮಗಳೇ, ಅದರೊಳಗೆ ನನ್ನ ಮಗ ಇದ್ದಾನಾ?"

"ಇದ್ದ ಉಮ್ಮ" ಎಂದಳು ಶಹನಾ. "ಯಾರೋ ತೆಗ್ದಿದ್ದಾರೆ. ನಾನು ತರ್ತೇನೆ."

ಸತ್ತ ಡಿಸ್ಕನ್ನು ಚೀಲಕ್ಕೆ ಹಾಕುವಾಗ ಒಳಗೆ ಮಗನ ತಿಂಡಿ ಡಬ್ಬಿ ಸಿಕ್ಕಿತು. ಬೆಳಿಗ್ಗೆ ವ್ಯಾನಿನ ಗಡಿಬಿಡಿಯಲ್ಲಿ ಕೊಡಲು ಮರೆತದ್ದು. ಶಾಲೆಯ ಗ್ರೂಪಿನಲ್ಲಿ ಆಗಲೇ ಎರಡು ಸಂದೇಶ ಬಂದಿರಬಹುದು. ಅವಳು ನೋಡಲಿಲ್ಲ.

*

ಸಂಪ್ರೀತನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆಯುದ್ದಕ್ಕೂ ಹಳೆಯ ಬ್ಯಾಟರಿಗಳು, ತಂತಿಗೆ ನೇತು ಹಾಕಿದ ಸಿಸಿಟಿವಿ ಕ್ಯಾಮೆರಾಗಳು. ಅವನು ಯಾರದೋ ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿ ಕೂತಿದ್ದ. ಕಡಬದ ಕಡೆಯ ಹುಡುಗ, ಸಫ್ವಾನನದೇ ಪ್ರಾಯ.

ಶಹನಾ ಡಿಸ್ಕನ್ನು ಅವನ ಮುಂದೆ ಇಟ್ಟಳು. ಅವನು ಅದನ್ನು ನೋಡಿದ, ಮುಟ್ಟಲಿಲ್ಲ.

ವಾರಂಟಿಗೆ ಕಳಿಸಲಾ ಎಂದು ಕೇಳಿದ. ಈ ಕಂಪೆನಿಯವರ ಕಥೆ ಹೇಳಿ ಪ್ರಯೋಜನ ಇಲ್ಲ, ಮೊನ್ನೆ ಸುಳ್ಯದ ಒಂದು ಆಸ್ಪತ್ರೆಯವರದ್ದನ್ನು ಚೀಟಿ ಸುಕ್ಕಾಗಿದೆ ಎಂದು ವಾಪಸು ಕಳಿಸಿದರು ಎಂದ. ಮಾತು ಬೇಕಾದ್ದಕ್ಕಿಂತ ಉದ್ದವಾಯಿತು.

"ಇದರ ಮೇಲೆ ಗಂಧ ಇಲ್ಲ" ಎಂದಳು ಶಹನಾ.

"ಗಂಧ ನನ್ನ ಹಣೆಯಲ್ಲೂ ಇಲ್ಲ ಮೇಡಂ. ನಾನೂ ಸತ್ತಿದ್ದೇನಾ?"

"ಮಾಯಿಲಪ್ಪಣ್ಣ ನಾಲ್ಕಕ್ಕೂ ಹಚ್ಚಿದ್ರು. ಮೂರರ ಮೇಲೆ ಉಂಟು. ಇದರ ಮೇಲೆ ಇಲ್ಲ. ಇದು ಸಿಸಿಟಿವಿದ್ದು. ಈ ಪೇಟೆಯಲ್ಲಿ ಸತ್ತ ಸಿಸಿಟಿವಿ ಡಿಸ್ಕ್ ಯಾರ ಹತ್ರ ರಾಶಿ ಬಿದ್ದಿದೆ ಅಂತ ನಾನು ಹೇಳ್ಬೇಕಾ?"

ಸಂಪ್ರೀತ್ ಸ್ಕ್ರೂ ಡ್ರೈವರನ್ನು ಕೆಳಗಿಟ್ಟ.

ಅವನ ಅಂಗಡಿಗೆ ಹಳೆಯ ಡಿಸ್ಕ್ ಎಲ್ಲಿಂದೆಲ್ಲ ಬರುತ್ತದೆ, ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು ಎಂದು ಗೊಣಗಿದ. ಮಾಯಿಲಪ್ಪಣ್ಣನಿಗೆ ಪ್ರಾಯ ಆಯಿತು, ಒಂದಕ್ಕೆ ಹಚ್ಚಲು ಮರೆತಿರಬೇಕು ಎಂದ. ಕ್ಯಾಮೆರಾದ ಬೆಲ್ಟಿಗೂ ಹಚ್ಚುವ ಮನುಷ್ಯ ಮರೆತಾರೇ ಎಂದು ಶಹನಾ ಕೇಳಿದಳು.

"ಕುಶಾಲಪ್ಪ ಎಷ್ಟು ಕೊಟ್ಟ?"

ಅವನು ತಲೆಯೆತ್ತಿದ. "ಎಂತದ್ದು?"

"ಸಫ್ವಾನ್ ಹೊರಗೆ ಬಂದ್ರೆ ಬೆಂಕಿ ಹಾಕಿದ್ದು ಯಾರು ಅಂತ ಎಲ್ರೂ ಕೇಳ್ತಾರೆ. ಅದು ಬೇಡದವನು ಕುಶಾಲಪ್ಪ. ನೀನು ಅವನ ಗೋದಾಮಿಗೆ ಕ್ಯಾಮೆರಾ ಹಾಕಿದವನು. ಬೆಂಕಿ ಬಿದ್ದ ದಿನ ಅದೂ ಕೆಟ್ಟಿತ್ತು."

"ಅದು ಕೆಟ್ಟದ್ದು ನಿಜ. ಒಂದು ತಿಂಗಳಿಂದ ಕೆಟ್ಟಿತ್ತು, ಸರಿ ಮಾಡ್ಬೇಡ ಅಂತ ಅವರೇ ಹೇಳಿದ್ದು."

"ಇದನ್ನು ಪೊಲೀಸರಿಗೆ ಹೇಳಿದ್ದೀಯಾ?"

"ಕೇಳ್ಲಿಲ್ಲ."

"ಸೋಮವಾರ ಕೇಳಿಸ್ತೇನೆ. ಕೊಲೆ ಕೇಸಿನ ಸಾಕ್ಷಿ ಅಡಗಿಸಿದವನು ಅಂತ ನಿನ್ನ ಹೆಸರು ಅರ್ಜಿಯಲ್ಲಿ ಬರ್ತದೆ. ಆ ಮುದುಕಿ ಅಲ್ಲಿ ಕಿಟಕಿಯ ಹತ್ರ ಕೂತಿದ್ದಾರೆ. ಮಗ ಆ ಪೆಟ್ಟಿಗೆಯೊಳಗೆ ಇದ್ದಾನಾ ಅಂತ ಕೇಳ್ತಿದ್ದಾರೆ. ನೀನು ಹೋಗಿ ಹೇಳು, ಅವನನ್ನು ತೆಗ್ದದ್ದು ನಾನು ಅಂತ."

ಸಂಪ್ರೀತ್ ಬಾಗಿಲಿನ ಕಡೆ ನೋಡಿದ. ಕೆಳಗೆ ರಸ್ತೆಯಲ್ಲಿ ಪುತ್ತೂರಿನ ಬಸ್ಸು ನಿಂತು ಜನ ಇಳಿಯುತ್ತಿದ್ದರು.

"ದುಡ್ಡಿಗೆ ಮಾಡಿದ್ದಲ್ಲ ಅಕ್ಕ."

ಮೇಡಂ ಹೋಗಿ ಅಕ್ಕ ಆಗಿತ್ತು.

ಅವನು ಮೊಬೈಲ್ ತೆಗೆದ. ಬಹಳ ಹಿಂದಕ್ಕೆ ಸರಿಸಿ, ಒಂದು ಧ್ವನಿ ಸಂದೇಶದ ಮೇಲೆ ಬೆರಳಿಟ್ಟು, ಮತ್ತೆ ಬೆರಳು ತೆಗೆದ. "ನನ್ನ ಮೇಲೆ ಆಣೆ ಹಾಕಿಸಿದ್ದ. ಹೇಳಿದ್ರೆ ಮುಖ ನೋಡುದಿಲ್ಲ ಅಂದಿದ್ದ."

"ಯಾರು?"

ಅವನು ಒತ್ತಿದ.

ಆ ದನಿಯನ್ನು ಶಹನಾ ಜೈಲಿನ ಜಾಲರಿಯ ಹಿಂದಿನಿಂದ ಕೇಳಿದ್ದಳು. ಇಲ್ಲಿ ಅದು ಓಡಿ ಬಂದವನ ದನಿಯ ಹಾಗಿತ್ತು.

"ಸಂಪ್ರೀತೇ, ಮದರಂಗಿಯ ಆ ಸ್ಟ್ಯಾಂಡಿನ ಕ್ಯಾಮೆರಾದ್ದು ಯಾರೂ ನೋಡ್ಲಿಕ್ಕೆ ಆಗ್ಬಾರ್ದು. ಎಂತ ಬೇಕಾದ್ರೂ ಮಾಡು ಮಾರಾಯ. ನಾಳೆ ನನ್ನನ್ನೇ ಹಿಡ್ಕೊಂಡು ಹೋದ್ರೂ ಬಾಯಿ ಬಿಡ್ಬೇಡ. ಅದು ಹೊರಗೆ ಬಂದ್ರೆ ಒಂದು ಜೀವ ಹೋಗ್ತದೆ."

ಸಂದೇಶ ಬಂದದ್ದು ಬೆಂಕಿ ಬಿದ್ದ ಮರುದಿನ. ಪೊಲೀಸರು ಸಫ್ವಾನನ ಮನೆ ಬಾಗಿಲಿಗೆ ಹೋಗುವ ಮೊದಲು.

ಶಹನಾ ಅದನ್ನು ಇನ್ನೊಮ್ಮೆ ಕೇಳಿದಳು. ತನ್ನನ್ನು ಬಿಡಿಸಬಲ್ಲ ಒಂದೇ ಒಂದು ಸಾಕ್ಷಿಯನ್ನು ಅವನೇ ಮುಚ್ಚಿಸಿದ್ದ. ಕ್ಯಾಮೆರಾದ ವಿಷಯವನ್ನು ಅವಳಿಗೆ ಹೇಳಿದ್ದೂ ಮದುಮಗ ಮೋಕ್ಷಿತ್, ಸಫ್ವಾನ್ ಅಲ್ಲ. ಜೈಲಿನಲ್ಲಿ ಆ ಮಾತೆತ್ತಿದಾಗ, ಅದೆಲ್ಲ ಬೇಡ ಮೇಡಂ, ಬೇರೆ ಏನಾದರೂ ನೋಡಿ ಎಂದು ಅವನು ನೆಲ ನೋಡಿದ್ದ. ಆಸೆ ಬಿಟ್ಟಿದ್ದಾನೆ ಎಂದುಕೊಂಡಿದ್ದಳು ಇವಳು.

"ಯಾರ ಜೀವ?"

"ಕೇಳಿದೆ ಅಕ್ಕ. ಹೇಳ್ಲಿಲ್ಲ."

"ಡಿಸ್ಕನ್ನು ಎಂತ ಮಾಡಿದೆ?"

ಸಂಪ್ರೀತ್ ಮೂಲೆಗೆ ಹೋಗಿ, ಒಳಗೇನೂ ಇಲ್ಲದ ಒಂದು ಯುಪಿಎಸ್ಸಿನ ಮುಚ್ಚಳ ತೆಗೆದ. ಪತ್ರಿಕೆಯಲ್ಲಿ ಸುತ್ತಿದ್ದ ಪೊಟ್ಟಣವನ್ನು ಅವಳ ಕೈಗೆ ಕೊಟ್ಟ. ಬಿಚ್ಚಿದರೆ ಒಳಗಿನ ಡಿಸ್ಕಿನ ಮೇಲೆ ಗಂಧ ಹಾಗೇ ಇತ್ತು.

"ಒಡ್ದು ಹಾಕು ಅಂತ ಹೇಳಿದ್ದ. ಕೈ ಬರ್ಲಿಲ್ಲ. ಮೋಕ್ಷಿತನ ಮದುವೆ ಪೂರ್ತಿ ಅದ್ರಲ್ಲಿ ಉಂಟು. ತಾಳಿ ಕಟ್ಟುದು ಎಲ್ಲ."

*

ಮಹಡಿಯ ಮೆಟ್ಟಿಲು ಇಳಿಯುವಾಗ ಶಹನಾ ಎರಡು ಸಲ ನಿಂತಳು. ಕಕ್ಷಿಗಾರ ಬೇಡ ಎಂದದ್ದನ್ನು ವಕೀಲಳು ತೆರೆಯಬಹುದೇ? ತೆರೆಯದಿದ್ದರೆ ಸೋಮವಾರ ಕೋರ್ಟಿನಲ್ಲಿ ಬರಿಗೈಯಲ್ಲಿ ನಿಲ್ಲಬೇಕು. ಒಂದು ಜೀವ ಎಂದವನು ತನ್ನ ಜೀವದ ವಿಷಯ ಹೇಳಿರಲಾರ. ಹಾಗಾದರೆ ಮೊದಲು ಅವಳೊಬ್ಬಳೇ ನೋಡಬೇಕು. ನೋಡಿದ ಮೇಲೆ ಬೇಕೋ ಬೇಡವೋ ತೀರ್ಮಾನಿಸಬೇಕು. ಎಲ್ಲರನ್ನೂ ಹೊರಗೆ ಕಳಿಸಿ ಯಶಸ್ವಿಯನ್ನು ಮಾತ್ರ ಉಳಿಸಿಕೊಳ್ಳುವುದು ಎಂದುಕೊಂಡು ರಸ್ತೆ ದಾಟಿದಳು.

ಸ್ಟುಡಿಯೊದ ಬಾಗಿಲಲ್ಲೇ ಕುಂಞಿಪಾತುಮ್ಮ ನಿಂತಿದ್ದರು.

"ಸಿಕ್ಕಿತಾ ಮೋಳೆ?"

ಸುಳ್ಳು ನಾಲಗೆಯ ತುದಿಯಲ್ಲೇ ಇತ್ತು. ಆದರೆ ಅವಳ ಕೈ ತನ್ನಷ್ಟಕ್ಕೆ ಚೀಲವನ್ನು ಎದೆಗೆ ಒತ್ತಿ ಹಿಡಿದಿತ್ತು, ಆ ಕೈಯನ್ನು ಕುಂಞಿಪಾತುಮ್ಮ ನೋಡಿಯಾಗಿತ್ತು. ಅವರು ಬಿಸ್ಮಿಲ್ಲಾ ಎಂದು ಒಳಗೆ ಹೋಗಿ ಮಾನಿಟರಿನ ಮುಂದಿನ ಕುರ್ಚಿಯಲ್ಲೇ ಕೂತುಬಿಟ್ಟರು. ಮಗನ ಮುಖವನ್ನು ಜಾಲರಿ ಇಲ್ಲದೆ ನೋಡಲು ಕೂತ ತಾಯಿಯನ್ನು ಎಬ್ಬಿಸಿ ಕಳಿಸುವುದು ಶಹನಾಳಿಂದ ಆಗಲಿಲ್ಲ.

ಅವಳು ಶಟರನ್ನು ಅರ್ಧ ಎಳೆಸಿದಳು. ಯಶಸ್ವಿ ಡಿಸ್ಕನ್ನು ಮೂರನೆಯ ಮನೆಗೆ ತಳ್ಳಿದಳು.

ಪೆಟ್ಟಿಗೆ ಗುರುಗುಟ್ಟಿತು. ಕೆಂಪು ದೀಪ ಮಿನುಗಿತು, ನಿಂತಿತು, ಮತ್ತೆ ಮಿನುಗಿತು. ಮಾಯಿಲಪ್ಪ ಎರಡೂ ಕೈ ಜೋಡಿಸಿದ್ದ. ಮೊದಲನೆಯ ಮನೆಗೆ ಹಸಿರು ಬಂತು. ಮೂರಕ್ಕೆ ಬಂತು. ಬಹಳ ಹೊತ್ತು ತಡೆದು ನಾಲ್ಕಕ್ಕೂ ಬಂತು.

"ತೆರೀತು" ಎಂದಳು ಯಶಸ್ವಿ, ಉಸಿರಿನಲ್ಲಿ.

ತಾರಸಿಯ ಮೂಲೆಯಿಂದ ಕಾಣುವ ಅಂಗಳ. ಚಪ್ಪರದಂಚಿಗೆ ಬಣ್ಣದ ಬಲ್ಬು, ಕುಣಿಯುವ ಹುಡುಗರ ತಲೆಗಳು, ಹಿಂದೆ ಅಡುಗೆ ಚಪ್ಪರದ ಹೊಗೆ. ಮೂಲೆಯಲ್ಲಿ ಗಂಟೆ, ನಿಮಿಷ ಓಡುತ್ತಿತ್ತು. ಊಟದ ಪಂಕ್ತಿ ಮುಗಿಯಿತು. ಕುಣಿತ ಜೋರಾಯಿತು. ಗೋದಾಮಿಗೆ ಬೆಂಕಿ ಬಿದ್ದ ಹೊತ್ತಿನ ಹತ್ತಿರ ಬಂದಾಗ ನಿಧಾನ ಮಾಡಲು ಶಹನಾ ಹೇಳಿದಳು.

ಅಡುಗೆ ಚಪ್ಪರದ ಹಿಂದೆ, ಮಗುಚಿ ಹಾಕಿದ ಕೊಪ್ಪರಿಗೆಯ ಮೇಲೆ ಒಬ್ಬ ಹುಡುಗ ಕೂತಿದ್ದ. ಯಶಸ್ವಿ ಚಿತ್ರವನ್ನು ಹಿಗ್ಗಿಸಿದಳು.

ಕುಂಞಿಪಾತುಮ್ಮ ಕೈ ಚಾಚಿ ಗಾಜನ್ನು ಮುಟ್ಟಿದರು. ಆ ಅಂಗಿಗೆ ಇಸ್ತ್ರಿ ಹಾಕಿ ಕೊಟ್ಟದ್ದು ತಾನೇ, ತೋಳಿನ ಮಡಿಕೆ ಬೇಡ ಎಂದರೂ ಮಡಿಸಿಕೊಂಡಿದ್ದಾನೆ ನೋಡು ಎಂದು ಬ್ಯಾರಿ ಭಾಷೆಯಲ್ಲಿ ಹೇಳುತ್ತಾ ಹೋದರು. ಅಳುತ್ತಿರಲಿಲ್ಲ, ಬೈಯುತ್ತಿದ್ದರು.

ಗಂಟೆ ಓಡುತ್ತಿತ್ತು. ಬೆಳ್ಳಾರೆಯಲ್ಲಿ ಬೆಂಕಿ ಕಂಡು ಜನ ಓಡಿದ ಹೊತ್ತು ಬಂತು, ಕಳೆಯಿತು. ಸಫ್ವಾನ್ ಕೊಪ್ಪರಿಗೆಯ ಮೇಲಿಂದ ಎದ್ದಿರಲಿಲ್ಲ. ಇನ್ನು ಯಾವ ವಾದವೂ ಬೇಕಾಗಿರಲಿಲ್ಲ. ಶಹನಾ ಆ ಗಂಟೆ, ನಿಮಿಷವನ್ನು ಬರೆದುಕೊಳ್ಳಲು ಬಾಗಿದಳು.

ಅವಳ ಹಿಂದೆ ಮಾಯಿಲಪ್ಪ ಮೊಬೈಲ್ ಎತ್ತಿ ಮಾನಿಟರಿನ ಮುಂದೆ ಹಿಡಿದಿದ್ದುದನ್ನು ಅವಳು ನೋಡಲಿಲ್ಲ.

"ಮೇಡಂ" ಎಂದಳು ಯಶಸ್ವಿ. "ಇವರು ಒಬ್ರೇ ಅಲ್ಲ."

ಕೊಪ್ಪರಿಗೆಯ ಆಚೆ ಕತ್ತಲಲ್ಲಿ ಇನ್ನೊಂದು ಮೈ ಇತ್ತು. ಅಲ್ಲಿಂದ ಒಂದು ಕೈ ಬಂದು ಸಫ್ವಾನನ ತಟ್ಟೆಯಿಂದ ತುಂಡೊಂದನ್ನು ಎತ್ತಿಕೊಂಡಿತು. ಸಫ್ವಾನ್ ನಕ್ಕು ತಟ್ಟೆಯನ್ನೇ ಆ ಕಡೆ ಸರಿಸಿದ. ಕತ್ತಲಲ್ಲಿದ್ದವನು ತಿನ್ನಲು ಬಾಗಿದ. ಬಲ್ಬಿನ ಬೆಳಕು ಮುಖಕ್ಕೆ ಬಿತ್ತು. ತಲೆಗೆ ಬೈರಾಸು ಸುತ್ತಿದ, ಕೆನ್ನೆ ಒಳಗೆ ಹೋದ ಮುದುಕ.

"ಯಾರಿದು ಮಾಯಿಲಪ್ಪಣ್ಣ?"

ಮಾಯಿಲಪ್ಪ ಮುಂದೆ ಬಂದ. ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡ.

"ಇದು ಚೆನ್ನು."

ಮಾನಿಟರಿನಲ್ಲಿ ಚೆನ್ನು ತುಂಡನ್ನು ಚೀಪಿ ಬೆರಳು ನೆಕ್ಕಿದ. ಮೂಲೆಯ ಗಂಟೆಯ ಪ್ರಕಾರ ಆ ಹೊತ್ತಿಗೆ ಅವನು ಕುಶಾಲಪ್ಪನ ಗೋದಾಮಿನಲ್ಲಿ ಸುಟ್ಟು ಕರಕಲಾಗಿದ್ದ.

ಕಾವಲು ಬಿಟ್ಟು, ಯಾರಿಗೂ ಕಾಣದ ಹಾಗೆ ಉಣ್ಣಲು ಬಂದಿದ್ದ ಮುದುಕ. ಅವನು ಗೋದಾಮಿನಲ್ಲೇ ಮಲಗಿದ್ದಾನೆಂದು ತಿಳಿದು ಬೆಂಕಿ ಇಟ್ಟವರು ಇದ್ದರು. ಅವನು ಸತ್ತನೆಂದು ಅವರು ನಂಬಿರುವ ತನಕ ಮಾತ್ರ ಅವನು ಎಲ್ಲೋ ಉಸಿರಾಡಿಕೊಂಡಿರಬಹುದು. ಅದಕ್ಕೇ ಸಫ್ವಾನ್ ಜೈಲಿನ ನೆಲ ನೋಡಿದ್ದು. ಮಣ್ಣಾದ ಆ ಮೈ ಯಾರದ್ದು, ಅದನ್ನು ಚೆನ್ನು ಎಂದು ಕುಶಾಲಪ್ಪ ಗುರುತಿಸಿದ್ದೇಕೆ ಎಂಬ ಪ್ರಶ್ನೆ ಶಹನಾಳಿಗೆ ಬಂದದ್ದು ಆಮೇಲೆ.

"ಇದು ಈ ಕೋಣೆ ಬಿಟ್ಟು ಹೋಗ್ಬಾರ್ದು" ಎಂದಳು. "ನಾವು ನಾಲ್ಕು ಜನ ಬಿಟ್ಟು ಬೇರೆ ಯಾರಿಗೂ..."

ಮಾಯಿಲಪ್ಪನ ಕೈಯಲ್ಲಿ ಮೊಬೈಲ್ ಇತ್ತು.

"ಮದುವೆಮನೆಯವರು ದಿನಾ ಕೇಳ್ತಿದ್ರು ವಕೀಲ್ರೇ. ಸಿಕ್ಕಿತು ಅಂತ ಒಂದು ಚೂರು ಹಾಕಿದೆ. ಅವರ ಗ್ರೂಪಿಗೆ."

"ಅಳಿಸಿ. ಎಲ್ಲರದ್ದೂ ಹೋಗುವ ಹಾಗೆ ಅಳಿಸಿ."

ಯಶಸ್ವಿ ಫೋನು ಕಸಿದು ಅಳಿಸಿದಳು. ಆ ಗುಂಪಿನಲ್ಲಿ ಯಾರೆಲ್ಲ ಇದ್ದಾರೆ ಎಂದು ಶಹನಾ ಕೇಳಿದಳು. ಮೋಕ್ಷಿತ್, ಅವನ ತಂದೆತಾಯಿ, ಅಕ್ಕ ಭಾವ ಎಂದು ಮಾಯಿಲಪ್ಪ ಹೇಳುತ್ತಾ ಬಂದು ನಡುವೆ ತಡೆದ.

"ಮತ್ತೆ?"

"ಅವನ ಸೋದರಮಾವ."

"ಹೆಸರು ಹೇಳಿ."

ಹೇಳುವ ಅಗತ್ಯ ಬೀಳಲಿಲ್ಲ. ಯಶಸ್ವಿಯ ಕೈಯಲ್ಲಿದ್ದ ಫೋನು ಅದುರಿತು. ಪರದೆಯ ಮೇಲೆ ಕುಶಾಲಪ್ಪ ಎಂದು ಬಂತು. ಅದು ಸಾಕಷ್ಟು ಹೊತ್ತು ಬಡಿದುಕೊಂಡು ನಿಂತಿತು. ಹಿಂದೆಯೇ ಒಂದು ಸಾಲಿನ ಸಂದೇಶ.

'ಸ್ಟುಡಿಯೊದಲ್ಲೇ ಇರು ಮಾಯಿಲಪ್ಪ. ಪೇಟೆಯಲ್ಲಿ ಇದ್ದೇನೆ, ಈಗ ಬಂದೆ.'

ಶಹನಾ ಪೆಟ್ಟಿಗೆಯ ಕಡೆ ಹಾರಿ ಮೂರನೆಯ ಮನೆಯ ಹಿಡಿ ಎಳೆದಳು. ಚಿತ್ರ ನಿಂತಲ್ಲೇ ನಿಂತಿತು, ಸಫ್ವಾನನ ನಗು ಅರ್ಧದಲ್ಲಿ.

"ಯಾಕೆ ನಿಲ್ಲಿಸಿದ್ದು?" ಕುಂಞಿಪಾತುಮ್ಮ ತಿರುಗಿ ನೋಡಿದರು. ಅವರ ಬೆರಳು ಇನ್ನೂ ಮಗನ ಕೆನ್ನೆಯ ಮೇಲೆಯೇ ಇತ್ತು. "ಇನ್ನು ಅವನನ್ನು ಬಿಡ್ತಾರಲ್ಲ ಮೋಳೆ?"

ಅರ್ಧ ಇಳಿಸಿದ್ದ ಶಟರಿನ ಕೆಳಗೆ ಎರಡು ಕಾಲುಗಳು ಬಂದು ನಿಂತವು. ಹೊರಗಿನಿಂದ ಯಾರೋ ಅದರ ಹಿಡಿಗೆ ಕೈ ಹಾಕಿದರು.